ಕೇಜಿನ ಸುತ್ತ ಸೇರುವ ಮೀನು ಯಾರದು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಯಾದಗಿರಿ ಜಿಲ್ಲೆಯವನು. ಹುಣಸಗಿ ಕಡೆ ಕೃಷ್ಣೆಯ ಹಿನ್ನೀರಿನಲ್ಲಿ ಬಲೆ ಹಾಕುವವರ ಸಂಘವೊಂದರ ಲೆಕ್ಕ ಬರೆಯುತ್ತೇನೆ. ಮೀನು ಸಾಕುವ ಕೇಜುಗಳು ನಮ್ಮಲ್ಲೂ ಇವೆ. ಕಾರವಾರಕ್ಕೆ ಹೋಗಿ ಸಮುದ್ರದ ಕೇಜು ನೋಡಿಕೊಂಡು ಬಂದ ಮೇಲೆ ನನ್ನ ಫೋನಿಗೆ ಬಿಡುವಿಲ್ಲ. ಭಾಲ್ಕಿಯಿಂದ ಒಬ್ಬರು, ಚಿತ್ತಾಪುರದಿಂದ ಒಬ್ಬರು, ಆಳಂದದಿಂದ ಇನ್ನೊಬ್ಬರು. ಶುರುವಾಗುವುದು ಸಬ್ಸಿಡಿಯಿಂದ. ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿಗೆ: ಕೇಜಿನ ಹೊರಗೆ ಸೇರುತ್ತದಲ್ಲ, ಆ ಮೀನಿನ ಕತೆ ಏನು? ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳಿ ಹೇಳಿ ಗಂಟಲು ಕಟ್ಟಿತು. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಇದು ಹೇಳಿ, ಕೇಜು ಅಂದರೆ ಏನು?

ನೀರಲ್ಲಿ ತೇಲುವ ಚೌಕಟ್ಟು. ಅದಕ್ಕೆ ನೇತುಬಿಟ್ಟ ಬಲೆಯ ಚೀಲ. ಚೀಲದೊಳಗೆ ಮೀನು. ಸರ್ಕಾರಿ ಕಾಗದದಲ್ಲಿ ಇದನ್ನು ಪಂಜರ ಮೀನು ಕೃಷಿ ಅನ್ನುತ್ತಾರೆ, ದಂಡೆಯಲ್ಲಿ ಎಲ್ಲರೂ ಕೇಜು ಅನ್ನುತ್ತಾರೆ. ಡ್ಯಾಮುಗಳಲ್ಲಿ ಸಾಮಾನ್ಯವಾಗಿ ಕಾಣುವುದು 6 ಮೀಟರ್ ಉದ್ದ, 4 ಮೀಟರ್ ಅಗಲ, 4 ಮೀಟರ್ ಆಳದ ಪೆಟ್ಟಿಗೆ ಆಕಾರದ್ದು. ಸಮುದ್ರದಲ್ಲಿ ದುಂಡಗಿರುವುದೇ ಜಾಸ್ತಿ, ಅಲೆ ಹೊಡೆತ ತಡೆಯಬೇಕಲ್ಲ. ಈ ಬರಹದಲ್ಲಿ ಬಲೆಯೊಳಗೆ ಸಾಕಿದ್ದನ್ನು ಒಳಗಿನ ಮೀನು, ತಾನಾಗಿ ಬಂದು ಸುತ್ತ ಸೇರುವುದನ್ನು ಹೊರಗಿನ ಮೀನು ಎಂದು ಕರೆಯುತ್ತೇನೆ.

ಸಮುದ್ರ ನಮ್ಮಿಂದ ಐನೂರು ಕಿಲೋಮೀಟರ್ ದೂರ. ಅಲ್ಲಿನ ಸುದ್ದಿ ನಮಗ್ಯಾಕೆ?

ಹೊರಗಿನ ಮೀನಿನ ಬಗ್ಗೆ ಕೂತು ಎಣಿಸಿದವರು ಸಮುದ್ರದವರು. ಸ್ಪೇನ್, ನಾರ್ವೆ ದೇಶದವರು ಇಪ್ಪತ್ತು ವರ್ಷಕ್ಕೂ ಮೇಲಾಗಿ ಇದರ ಹಿಂದೆ ಬಿದ್ದಿದ್ದಾರೆ. ನಮ್ಮ ದೇಶದಲ್ಲಿ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು 2007ರಲ್ಲಿ ವಿಶಾಖಪಟ್ಟಣದಲ್ಲಿ ತೆರೆದ ಸಮುದ್ರಕ್ಕೆ ಕೇಜು ಇಳಿಸಿದರು. ಆಮೇಲೆ ಕಾರವಾರದಲ್ಲೂ ಸೀಬಾಸ್, ಕೋಬಿಯಾ ಅನ್ನುವ ಮೀನು ಸಾಕಿದರು. ಇತ್ತ ಒಳನಾಡಲ್ಲಿ ಜಾರ್ಖಂಡ್‌ನ ಚಾಂಡಿಲ್ ಜಲಾಶಯದಂಥ ಕಡೆ ಪಂಗಾಸ್ ಅನ್ನುವ ಹೊರದೇಶದ ಮೀನು ಸಾಕುವ ಕೇಜುಗಳು ಬಂದವು. ನಮ್ಮಲ್ಲೂ ನಾರಾಯಣಪುರದ ಬಸವಸಾಗರ, ಭಾಲ್ಕಿ ಹತ್ತಿರದ ಕಾರಂಜಾ, ಬೆಣ್ಣೆತೊರಾ, ಅಮರ್ಜಾ ಅಂತ ನೀರಿದೆ. ಕೇಜಿನ ಮಾತು ಬಂದಾಗಲೆಲ್ಲ ಈ ಹೆಸರುಗಳೇ ಬರುತ್ತವೆ.

ಉಪ್ಪು ನೀರು ಬೇರೆ, ಸಿಹಿ ನೀರು ಬೇರೆ, ಒಪ್ಪುತ್ತೇನೆ. ಮೀನಿನ ಹೊಟ್ಟೆ ಮಾತ್ರ ಎರಡೂ ಕಡೆ ಒಂದೇ.

ಹೊರಗಿನ ಮೀನು ಯಾಕೆ ಬರುತ್ತದೆ? ಬರೀ ಫೀಡಿಗಾ?

ಫೀಡ್, ಅಂದರೆ ಒಳಗಿನ ಮೀನಿಗೆ ಹಾಕುವ ಗುಳಿಗೆ ಆಹಾರ, ಅದೇ ದೊಡ್ಡ ಕಾರಣ. ಅದೊಂದೇ ಕಾರಣ ಅಲ್ಲ.

ತೊಗರಿ ರಾಶಿ ಮಾಡುವ ಕಣ ನೋಡಿದ್ದೀರಲ್ಲ. ಮಷಿನ್ ಶುರುವಾದರೆ ಸಾಕು, ಎಲ್ಲಿದ್ದವೋ ಅನ್ನುವಷ್ಟು ಪಾರಿವಾಳ ಬಂದು ಕೂರುತ್ತವೆ. ಚೆಲ್ಲಿದ ಕಾಳಿಗೆ ಬರುತ್ತವೆ, ನಿಜ. ಹೊಟ್ಟಿನಲ್ಲಿರುವ ಹುಳಕ್ಕೂ ಬರುತ್ತವೆ, ಬಣವೆಯ ನೆರಳಿಗೂ ಬರುತ್ತವೆ. ಕೇಜೂ ಹಾಗೇ.

ತೆರೆದ ನೀರಲ್ಲಿ ಮೀನಿಗೆ ಅಡಗಲು ಜಾಗ ಇರುವುದಿಲ್ಲ. ಏನೇ ತೇಲಲಿ, ಒಂದು ಮರದ ದಿಮ್ಮಿ ಇದ್ದರೂ ಅದರ ಕೆಳಗೆ ಸಣ್ಣ ಮೀನು ಸೇರುತ್ತದೆ. ಸಮುದ್ರದ ಮೀನುಗಾರರು ಇದನ್ನು ತಿಳಿದೇ ತೆಂಗಿನ ಗರಿ ಕಟ್ಟಿ ತೇಲಿಬಿಟ್ಟು ಅದರಡಿ ಮೀನು ಹಿಡಿಯುವುದುಂಟು. ಕೇಜು ಅಂದರೆ ಹತ್ತಾರು ಡ್ರಮ್ಮು, ಪೈಪು, ಹಗ್ಗ, ಬಲೆ. ಮೀನಿನ ಕಣ್ಣಿಗೆ ಅದೊಂದು ಊರು.

ಆ ಊರಿಗೆ ಗೋಡೆಯೂ ಇದೆ. ಬಲೆ ನೀರಿಗಿಳಿದ ಕೆಲವೇ ವಾರದಲ್ಲಿ ಪಾಚಿ ಹಿಡಿಯುತ್ತದೆ. ಪಾಚಿಯಲ್ಲಿ ಹುಳು, ಸಮುದ್ರದಲ್ಲಾದರೆ ಚಿಪ್ಪು, ಸಣ್ಣ ಸೀಗಡಿ ಕೂರುತ್ತವೆ. ಅದನ್ನು ಕೆರೆದು ತಿನ್ನುವ ಮೀನುಗಳಿಗೆ ನೀವು ಕೊಡುವ ಫೀಡ್ ಬೇಕಾಗಿಯೇ ಇಲ್ಲ. ರಾತ್ರಿ ಕಾವಲುಗಾರ ಒಂದು ಸೋಲಾರ್ ಬಲ್ಬ್ ಹಚ್ಚಿಟ್ಟರೆ ಹುಳು ಬರುತ್ತದೆ, ಹುಳುವಿಗೆ ಸಣ್ಣ ಮೀನು ಬರುತ್ತದೆ, ಸಣ್ಣದಕ್ಕೆ ದೊಡ್ಡದು.

ಕೊನೆಗೆ ಫೀಡ್. ಬಲೆ ಕಣ್ಣಿನಿಂದ ಜಾರಿದ ಗುಳಿಗೆ, ಅದರ ಪುಡಿ, ಒಳಗಿನ ಮೀನಿನ ಹಿಕ್ಕೆ. ಹಿಕ್ಕೆಯನ್ನೂ ತಿನ್ನುವ ಮೀನಿದೆ, ಮುಖ ಸಿಂಡರಿಸಬೇಡಿ.

ಕಾರವಾರದಲ್ಲಿ ಒಂದು ನೋಡಿದೆ. ಫೀಡ್ ಹಾಕುವ ಹುಡುಗ ಇನ್ನೂ ಬಕೆಟ್ ಎತ್ತಿರಲಿಲ್ಲ. ದೋಣಿ ಬಂದು ಚೌಕಟ್ಟಿಗೆ ತಾಗಿತು, ಠಕ್ ಅಂತ ಸದ್ದಾಯಿತು. ಅಷ್ಟೇ. ಬಲೆಯ ಹೊರಗಡೆ ನೀರಿನ ಬಣ್ಣ ಕಪ್ಪಾಯಿತು. ಮೊದಲು ಮೋಡದ ನೆರಳು ಅಂದುಕೊಂಡೆ. ನೆರಳು ತಿರುಗಿತು, ಒಮ್ಮೆಲೇ ಬೆಳ್ಳಗೆ ಹೊಳೆಯಿತು. ಅಂಗೈಯಷ್ಟು ಉದ್ದದ ಮೀನುಗಳು, ಎಲ್ಲಾ ಒಂದೇ ಕಡೆ ಮುಖ ಮಾಡಿದ್ದವು. ಹುಡುಗ ನಕ್ಕು, "ನಮ್ಮ ಮೀನಿಗಿಂತ ಇವಕ್ಕೇ ಟೈಮ್ ಸರಿ ಗೊತ್ತು" ಅಂದ.

ಎಷ್ಟು ಸೇರಬಹುದು? ಸುಮ್ನೆ ಅಂದಾಜು ಬೇಡ, ಅಂಕಿ ಇದ್ದರೆ ಹೇಳಿ.

ಸ್ಪೇನ್‌ನ ಮೆಡಿಟರೇನಿಯನ್ ಕರಾವಳಿಯಲ್ಲಿ ಒಂಬತ್ತು ಕೇಜು ಫಾರ್ಮುಗಳ ಸುತ್ತ ಮುಳುಗು ಈಜುಗಾರರು ಇಳಿದು ಎಣಿಸಿದರು. ಹತ್ತಿರದ ಖಾಲಿ ನೀರಿಗೆ ಹೋಲಿಸಿದರೆ ಕೇಜಿನ ಸುತ್ತ ಮೀನಿನ ಸಂಖ್ಯೆ ಕಡಿಮೆ ಅಂದರೆ 52 ಪಟ್ಟು, ಜಾಸ್ತಿ ಅಂದರೆ 2,800 ಪಟ್ಟಿಗೂ ಮೇಲೆ. 2002ರಲ್ಲಿ ಈ ಲೆಕ್ಕ ಹೊರಬಂತು. ಆಮೇಲೆ ನಾರ್ವೆಯ ಸಾಲ್ಮನ್ ಫಾರ್ಮುಗಳ ಸುತ್ತ ನೋಡಿದಾಗ ಒಂದೊಂದು ಫಾರ್ಮಿಗೆ ಸರಾಸರಿ 10 ಟನ್‌ನಷ್ಟು ಹೊರಗಿನ ಮೀನು ಸಿಕ್ಕಿತು.

ಪಟ್ಟು ಕೇಳಿ ಹೌಹಾರಬೇಡಿ. ಖಾಲಿ ನೀರಲ್ಲಿ ಎರಡೇ ಮೀನು ಇದ್ದರೆ ನೂರು ಮೀನು ಸೇರಿದರೂ ಐವತ್ತು ಪಟ್ಟು ಆಗುತ್ತದೆ. ಅದೂ ಅಲ್ಲದೆ ಒಂಬತ್ತು ಫಾರ್ಮಿನಲ್ಲಿ ಒಂದರ ಅಂಕಿ ಇನ್ನೊಂದಕ್ಕೆ ಹೊಂದಲಿಲ್ಲ. ದಂಡೆಗೆ ಎಷ್ಟು ಹತ್ತಿರ, ಎಷ್ಟು ದೊಡ್ಡದು, ಯಾವ ತಿಂಗಳು ಅನ್ನುವುದರ ಮೇಲೆ ಬದಲಾಗುತ್ತದೆ. ನಾರ್ವೆಯ 10 ಟನ್ ತಂದು ಕಾರಂಜಾದ ಹನ್ನೆರಡು ಕೇಜಿಗೆ ಗುಣಿಸಿದರೆ ಅದು ಲೆಕ್ಕ ಅಲ್ಲ, ಹಗಲುಗನಸು.

ಅಂದರೆ ಕೇಜು ಹಾಕಿದರೆ ಡ್ಯಾಮಿನಲ್ಲಿ ಮೀನು ಹೆಚ್ಚಾಗುತ್ತದೆ ಅಲ್ವಾ?

ಎಲ್ಲರೂ ಜಾರುವುದು ಇಲ್ಲೇ. ಸೇರುವುದು ಬೇರೆ, ಹೆಚ್ಚುವುದು ಬೇರೆ.

ಕಲಬುರಗಿಯಲ್ಲಿ ಶರಣಬಸವೇಶ್ವರ ತೇರಿನ ದಿನ ಗುಡಿ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಆ ಜನ ಎಣಿಸಿ ಕಲಬುರಗಿಯ ಜನಸಂಖ್ಯೆ ಬೆಳೆಯಿತು ಅಂತ ಯಾರಾದರೂ ಅನ್ನುತ್ತಾರಾ? ಅಫಜಲಪುರದವರು ಬಂದಿರುತ್ತಾರೆ, ಸೇಡಂನವರು ಬಂದಿರುತ್ತಾರೆ. ಅವರವರ ಊರಿನ ಬೀದಿ ಅವತ್ತು ಖಾಲಿ. ಕೇಜಿನ ಸುತ್ತ ಕಾಣುವ ಮೀನೂ ಬಹುಪಾಲು ಇಂಥದ್ದೇ. ಡ್ಯಾಮಿನ ಬೇರೆ ಮೂಲೆಯಿಂದ ಬಂದದ್ದು. ನಿಮ್ಮ ಕಾಕಾ ನಲವತ್ತು ವರ್ಷ ಬಲೆ ಹಾಕಿದ ಕೊಲ್ಲಿಯಲ್ಲಿ ಈಗ ಮೀನಿಲ್ಲ ಅಂದರೆ, ಅದು ಸತ್ತೇ ಹೋಗಿರಬೇಕಿಲ್ಲ. ಜಾತ್ರೆಗೆ ಹೋಗಿರಬಹುದು.

ಹಾಗಂತ ಹೆಚ್ಚುವುದೇ ಇಲ್ಲ ಅನ್ನುವಂತೆಯೂ ಇಲ್ಲ. ಚೆನ್ನಾಗಿ ತಿಂದ ಮೀನು ಮೈ ತುಂಬಿಕೊಳ್ಳುತ್ತದೆ, ಮೊಟ್ಟೆ ಜಾಸ್ತಿ ಇಡಬಹುದು. ಕೇಜಿನ ಸುತ್ತ ಯಾರೂ ಹಿಡಿಯದಿದ್ದರೆ ಅದು ಉಳಿದು ಮರಿ ಮಾಡುತ್ತದೆ. ಹಿಡಿಯುವವರು ಅಲ್ಲೇ ಕಾದು ಕೂತರೆ ಕತೆ ತಿರುಗುತ್ತದೆ. ಇಡೀ ಡ್ಯಾಮಿನಲ್ಲಿ ಚದುರಿದ್ದ ಮೀನನ್ನು ಒಂದೇ ಕಡೆ ಕರೆದು, ಒಂದೇ ವಾರದಲ್ಲಿ ಗುಡಿಸಿದ ಹಾಗೆ. ಮೊದಲ ತಿಂಗಳು ಬುಟ್ಟಿ ತುಂಬುತ್ತದೆ, ಊರೆಲ್ಲ ಖುಷಿ. ಮುಂದಿನ ವರ್ಷ ಗೊತ್ತಾಗುತ್ತದೆ. ಈ ಅಪಾಯವನ್ನು ಸಮುದ್ರದ ವಿಜ್ಞಾನಿಗಳು ಬಲು ಹಿಂದೆಯೇ ಎತ್ತಿ ತೋರಿಸಿದ್ದಾರೆ.

ಯಾವ ಯಾವ ಮೀನು ಬರುತ್ತವೆ?

ನಾರ್ವೆಯಲ್ಲಿ ಸೈತ್ ಅನ್ನುವ, ಕಾಡ್ ಜಾತಿಗೆ ಸೇರಿದ ಮೀನಿನದೇ ದರ್ಬಾರು. ಜೊತೆಗೆ ಕಾಡ್, ಹ್ಯಾಡಕ್, ಬಂಗುಡೆಯ ದಾಯಾದಿಗಳು. ಮೆಡಿಟರೇನಿಯನ್‌ನಲ್ಲಿ ಬೋಗ್, ಹಾರ್ಸ್ ಮ್ಯಾಕರೆಲ್, ಬೂತಾಯಿ ಬಳಗದವು, ಮಲೆಟ್. ತಳದಲ್ಲಿ ತೊರಕೆ ಮೀನು ರೆಕ್ಕೆ ಬಡಿಯುತ್ತಾ ಕೆದಕುತ್ತದೆ. ಗಮನಿಸಿ: ಮೇಲೆ ಒಂದು ಗುಂಪು, ನಡುವೆ ಒಂದು ಗುಂಪು, ತಳದಲ್ಲಿ ಇನ್ನೊಂದು. ಮೂರು ಅಂತಸ್ತಿನ ಮನೆ.

ನಮ್ಮ ಹಿನ್ನೀರಲ್ಲಿ ನಾನು ಕಣ್ಣಾರೆ ಕಂಡದ್ದೂ ಹೀಗೇ ಅಂತಸ್ತಿನ ಲೆಕ್ಕದಲ್ಲಿದೆ. ಮೇಲ್ಗಡೆ ಬೆರಳುದ್ದದ ಬೆಳ್ಳಿ ಮೀನು, ಫೀಡ್ ಪುಡಿಗೆ ಮುತ್ತುತ್ತವೆ. ಬಲೆಗೆ ಮೈ ತಾಗಿಸಿಕೊಂಡು ಪಕ್ಕೆ ಮೀನು, ಗಾಜಿನ ಹಾಗೆ ಮೂಳೆ ಕಾಣುವ ಪುಟಾಣಿ ಮೀನು. ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಎಲ್ಲಾ ಕಡೆ ಇರುತ್ತದೆ, ಅದಕ್ಕೆ ಅಂತಸ್ತು ಗಿಂತಸ್ತು ಇಲ್ಲ. ಕೆಳಗೆ ಮೃಗಾಲ್, ಸಾಮಾನ್ಯ ಗೆಂಡೆ, ಮೀಸೆ ಮೀನು. ಸ್ವಲ್ಪ ದೂರದಲ್ಲಿ, ಮಬ್ಬಿನಲ್ಲಿ, ಬಾಳೆ ಮೀನು ಕಾಯುತ್ತಿರುತ್ತದೆ. ಅದಕ್ಕೆ ನಿಮ್ಮ ಫೀಡ್ ಬೇಡ. ಫೀಡ್ ತಿನ್ನಲು ಬಂದವರು ಬೇಕು.

ಫೀಡ್ ನಿಜಕ್ಕೂ ಎಷ್ಟು ಪೋಲಾಗುತ್ತದೆ? ಹೊರಗಿನ ಮೀನು ತಿಂದರೆ ನನಗೆ ಲುಕ್ಸಾನಾ?

ಒಂದು ಲೆಕ್ಕ ಹಾಕೋಣ. ಒಂದು ಕೇಜಿನಲ್ಲಿ 2 ಟನ್ ಮೀನಿದೆ. ದಿನಕ್ಕೆ ಮೈತೂಕದ ನೂರಕ್ಕೆ 2ರಷ್ಟು ಫೀಡ್, ಅಂದರೆ 40 ಕೆಜಿ. ನೂರಕ್ಕೆ 5 ಜಾರಿತು ಅನ್ನಿ, 2 ಕೆಜಿ. ಹನ್ನೆರಡು ಕೇಜಿಗೆ ದಿನಕ್ಕೆ 24 ಕೆಜಿ. ತಿಂಗಳಿಗೆ ಏಳು ಕ್ವಿಂಟಲ್ ಮೇಲೆ! ಬಕೆಟ್ ಎತ್ತಿ ಒಮ್ಮೆಗೇ ಸುರಿಯುವ ಆಳಿದ್ದರೆ ಇದಕ್ಕೂ ಜಾಸ್ತಿ.

ಈಗ ಆ ಏಳು ಕ್ವಿಂಟಲ್ ಯಾರೂ ತಿನ್ನಲಿಲ್ಲ ಅಂದುಕೊಳ್ಳಿ. ತಳಕ್ಕೆ ಹೋಗಿ ಕೊಳೆಯುತ್ತದೆ. ಕೊಳೆಯಲು ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ. ಮೇಲಿಂದ ಇನ್ನೂ ಬೀಳುತ್ತಲೇ ಇದ್ದರೆ ತಳದ ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಸಮುದ್ರದಲ್ಲಿ ಇಂಥ ಕಡೆ ಕೆಸರಿನ ಮೇಲೆ ಬಿಳಿ ಬ್ಯಾಕ್ಟೀರಿಯಾ ಕಂಬಳಿ ಹಾಸಿದ ಹಾಗೆ ಬೆಳೆಯುತ್ತದೆ.

ಸ್ಪೇನ್‌ನಲ್ಲಿ ಒಂದು ಜಾಣ ಪ್ರಯೋಗ ಮಾಡಿದರು. ಕೇಜಿನ ಕೆಳಗೆ ಕಸ ಹಿಡಿಯುವ ಡಬ್ಬಿ ಇಟ್ಟರು. ಕೆಲವಕ್ಕೆ ಹೊರಗಿನ ಮೀನು ಬರದ ಹಾಗೆ ಜಾಳಿಗೆ ಕಟ್ಟಿದರು, ಕೆಲವನ್ನು ಹಾಗೇ ಬಿಟ್ಟರು. ಎರಡರ ವ್ಯತ್ಯಾಸ ನೋಡಿದರೆ, ಕೇಜಿನಿಂದ ಉದುರಿದ್ದರಲ್ಲಿ ಸುಮಾರು ನೂರಕ್ಕೆ 80ರಷ್ಟನ್ನು ಹೊರಗಿನ ಮೀನೇ ತಿಂದು ಮುಗಿಸಿತ್ತು. ಎಲ್ಲಾ ಕಡೆ 80 ಅಂತ ಹಿಡಿಯಬೇಡಿ. ಆದರೆ ಸಂಬಳ ಇಲ್ಲದ ಜಾಡಮಾಲಿ ಕೆಲಸ ಯಾರು ಮಾಡುತ್ತಿದ್ದಾರೆ ಅಂತ ಗೊತ್ತಾಯಿತಲ್ಲ. ಜಾರಿದ ಫೀಡ್ ಹೇಗೂ ನಿಮ್ಮ ಕೈಬಿಟ್ಟು ಹೋದದ್ದು. ಅದನ್ನು ತಿಂದವರ ಮೇಲೆ ಸಿಟ್ಟು ಯಾಕೆ? ಸಿಟ್ಟು ಬರಬೇಕಾದದ್ದು ಬಕೆಟ್ ಸುರಿದವನ ಮೇಲೆ.

ಫೀಡ್ ತಿಂದ ಹೊಳೆ ಮೀನಿನ ರುಚಿ ಕೆಡುತ್ತದೆ ಅಂತಾರೆ, ಹೌದಾ?

ನಾರ್ವೆಯ ಮೀನುಗಾರರ ತಕರಾರೂ ಇದೇ. ಕೇಜಿನ ಹತ್ತಿರ ಸಿಕ್ಕ ಸೈತ್‌ಗೆ ಅವರು "ಗುಳಿಗೆ ಸೈತ್" ಅನ್ನುವ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ಮಾಂಸ ಮೆತ್ತಗೆ, ಹೋಳು ಮಾಡಿದರೆ ಬಿರಿಯುತ್ತದೆ ಅನ್ನುವುದು ಅವರ ದೂರು. ಪಿತ್ತಜನಕಾಂಗ ಕೊಬ್ಬಿ ದೊಡ್ಡದಾಗುವುದನ್ನೂ ಕಂಡಿದ್ದಾರೆ.

ಇನ್ನೊಂದು ಮಜಾ ಇದೆ. ಇಂಥ ಮೀನಿನ ಕೊಬ್ಬು ಪರೀಕ್ಷೆ ಮಾಡಿದರೆ ಸೋಯಾ, ಸಾಸಿವೆ ಬಳಗದ ಎಣ್ಣೆಯ ಗುರುತು ಸಿಗುತ್ತದೆ. ಸಮುದ್ರದಲ್ಲಿ ಸೋಯಾ ಎಲ್ಲಿಂದ ಬಂತು? ಫೀಡಿನಿಂದ. ಮೀನು ಕೇಜಿನ ಹತ್ತಿರ ಊಟ ಮಾಡಿತ್ತೋ ಇಲ್ಲವೋ ಅಂತ ಹೀಗೇ ಪತ್ತೆ ಹಚ್ಚುತ್ತಾರೆ. ಸೋಯಾ ಬೆಳೆಯುವ ಬೀದರಿನವರಿಗೆ ಇದನ್ನು ಹೇಳಿದಾಗ ಒಬ್ಬರು, "ನಮ್ಮ ಹೊಲದ ಮಾಲ್ ಸಮುದ್ರದ ಮೀನಾ ತಿಂತದಂದ್ರ ಮಸ್ತ್ ಆಯ್ತಲ್ರೀ" ಅಂದರು.

ನನ್ನ ನಾಲಿಗೆ ಕೇಳಿದರೆ, ನಮ್ಮ ಕೇಜಿನ ಹತ್ತಿರದ ಜಿಲೇಬಿಗೂ ದೂರದ್ದಕ್ಕೂ ಖಾರದ ಸಾರಿನಲ್ಲಿ ವ್ಯತ್ಯಾಸ ತಿಳಿಯಲಿಲ್ಲ. ಹುರಿದಾಗ ಮಾತ್ರ ಹತ್ತಿರದ್ದು ಎಣ್ಣೆ ಜಾಸ್ತಿ ಬಿಟ್ಟಿತು.

ಕೇಜಿನ ಮೀನಿಗೆ ಔಷಧ ಹಾಕಿದಾಗ ಹೊರಗಿನದನ್ನು ತಿನ್ನಬಹುದಾ?

ಬೇಡ. ಫೀಡಿನಲ್ಲಿ ಬೆರೆಸಿದ ಔಷಧ ಹೊರಗಿನ ಮೀನಿನ ಹೊಟ್ಟೆಗೂ ಹೋಗುತ್ತದೆ. ನಾರ್ವೆಯಲ್ಲಿ ಹೊರಗಿನ ಮೀನಿನ ಮಾಂಸದಲ್ಲೇ ಆಂಟಿಬಯೋಟಿಕ್ ಅಂಶ ಸಿಕ್ಕ ಉದಾಹರಣೆ ಇದೆ. ಒಳಗಿನ ಮೀನನ್ನು ಎಷ್ಟು ದಿನ ಮಾರಬಾರದೋ, ಅಷ್ಟೇ ದಿನ ಸುತ್ತಲೂ ಬಲೆ ಹಾಕಬಾರದು. ಔಷಧ ಹಾಕಿದ ದಿನವೇ ಸಂಘದ ಬೋರ್ಡಿನ ಮೇಲೆ ಬರೆಯಿರಿ. ಫೋನಿನಲ್ಲಿ ಹೇಳಿದರೆ ಅರ್ಧ ಜನಕ್ಕೆ ಮುಟ್ಟುವುದಿಲ್ಲ.

ಹಾಗಾದರೆ ಕೇಜಿನ ಪಕ್ಕ ಬಲೆ ಹಾಕಬಹುದಾ? ಈ ಮೀನು ಯಾರದು?

ಹೊಡೆದಾಟ ಶುರುವಾಗುವ ಪ್ರಶ್ನೆ ಇದೇ.

ನಮ್ಮಲ್ಲಿ ಒಮ್ಮೆ ಹೀಗಾಯಿತು. ಬೆಳಿಗ್ಗೆ ಐದೂವರೆ ಇರಬಹುದು. ಹರಿಗೋಲಿನಲ್ಲಿ ಇಬ್ಬರು ಬಂದು ಕೇಜಿನ ಸಾಲಿಗೆ ಒತ್ತಿಕೊಂಡೇ ಕಣ್ಣಿ ಬಲೆ ಬಿಟ್ಟರು. ಎಳೆಯುವಾಗ ಬಲೆ ಕೇಜಿನ ಲಂಗರು ಹಗ್ಗಕ್ಕೆ ಸಿಕ್ಕಿತು. ಅವರು ಜಗ್ಗಿದರು. ಕೇಜಿನವನು ಕೂಗುತ್ತಾ ಬಂದ. "ಫೀಡ್ ಹಾಕಾಂವ ನಾನು, ಮೀನ ನೀವ್ ಒಯ್ತೀರೇನು?" ಹರಿಗೋಲಿನ ಹಿರಿಯ ಹಗ್ಗ ಬಿಡದೆಯೇ ಅಂದ: "ತಮ್ಮಾ, ಬಲಿ ಒಳಗಿಂದು ನಿಂದು. ಹೊರಗಿಂದು ನಮ್ಮ ಮುತ್ಯಾನ ಕಾಲದಿಂದ ನಮ್ದು." ಇಬ್ಬರ ಮಾತಿನಲ್ಲೂ ಸತ್ಯ ಇತ್ತು, ಅದೇ ತೊಂದರೆ. ಸಂಜೆ ಕಟ್ಟೆಗೆ ಕೂತು ಮಾತಾಡಿದೆವು. ಹಗ್ಗದ ಖರ್ಚು ಯಾರು ಕೊಡಬೇಕು ಅಂತಲೇ ಎರಡು ಗಂಟೆ ಹೋಯಿತು.

ಹೊರಗಿನ ಮೀನು ಕೇಜಿನವನದಲ್ಲ. ಫೀಡ್ ಚೆಲ್ಲಿದ ಮಾತ್ರಕ್ಕೆ ಪಾರಿವಾಳ ಕಣದ ಒಡೆಯನದಾಗುವುದಿಲ್ಲ. ಜಲಾಶಯದಲ್ಲಿ ಮೀನು ಹಿಡಿಯುವ ಹಕ್ಕು ಲೈಸನ್ಸ್, ಗುತ್ತಿಗೆಯ ಮೇಲೆ ನಡೆಯುತ್ತದೆ. ಮೊದಲು ಆ ಕಾಗದದಲ್ಲಿ ಏನಿದೆ ಓದಿ. ಆದರೆ ಹಕ್ಕಿದೆ ಅಂತ ಕೇಜಿಗೆ ಅಂಟಿಕೊಂಡೇ ಹಿಡಿಯುವುದು ಮೂರು ಕಾರಣಕ್ಕೆ ಕೆಟ್ಟದ್ದು. ಲಂಗರು ಹಗ್ಗ ಹರಿಯುತ್ತದೆ. ಒಳಗಿನ ಮೀನು ಹೆದರಿ ಫೀಡ್ ಬಿಡುತ್ತದೆ. ಮೂರನೆಯದು ದೊಡ್ಡದು: ಕಸ ತಿನ್ನುವ ಮೀನನ್ನೇ ತೆಗೆದುಬಿಟ್ಟರೆ ಆ ಕಸ ತಳಕ್ಕೆ ಇಳಿಯುತ್ತದೆ, ನೀರು ಕೆಟ್ಟರೆ ಬಲೆಯವನಿಗೂ ಕೆಟ್ಟಿತು.

ನಾರ್ವೆಯಲ್ಲಿ ಕೇಜು ಫಾರ್ಮಿನಿಂದ 100 ಮೀಟರ್ ಒಳಗೆ ಮೀನು ಹಿಡಿಯುವಂತಿಲ್ಲ, 20 ಮೀಟರ್ ಒಳಗೆ ದೋಣಿಯೇ ತರುವಂತಿಲ್ಲ. ಅವರ ಸಮುದ್ರಕ್ಕೆ ಅದು ಸರಿ. ನಮ್ಮ ಹಿನ್ನೀರಿನ ಒಂದು ಕೊಲ್ಲಿ ಬೇಸಿಗೆಯಲ್ಲಿ 200 ಮೀಟರ್ ಅಗಲ ಉಳಿದರೆ ಹೆಚ್ಚು, ಅಲ್ಲಿ ನೂರು ಬಿಡಿ ಅಂದರೆ ಬಲೆಯವನು ಎಲ್ಲಿಗೆ ಹೋಗಬೇಕು? ನಾವು ಐವತ್ತು ಮೀಟರ್‌ಗೆ ಕೆಂಪು ಡಬ್ಬಿ ಕಟ್ಟಿದೆವು. ಅದರಾಚೆ ಯಾರು ಬೇಕಾದರೂ ಹಿಡಿಯಬಹುದು. ಮೀನು ಕೇಜಿಗೆ ಬರುತ್ತದೆ, ಹೋಗುತ್ತದೆ. ದಾರಿಯಲ್ಲಿ ಬಲೆಗೂ ಪಾಲು ಸಿಗುತ್ತದೆ. ಈ ಮಾತನ್ನು ಕೇಜು ನೀರಿಗಿಳಿಯುವ ಮೊದಲೇ ಆಡಬೇಕಿತ್ತು. ನಾವು ಹಗ್ಗ ಹರಿದ ಮೇಲೆ ಆಡಿದೆವು.

ದೊಡ್ಡ ಮೀನು, ಮೊಸಳೆ ಬಂದು ಬಲೆ ಹರಿದರೆ?

ಬರುತ್ತವೆ. ಮೆಡಿಟರೇನಿಯನ್‌ನಲ್ಲಿ ಬ್ಲೂಫಿಶ್ ಅನ್ನುವ ಹರಿತ ಹಲ್ಲಿನ ಮೀನು ಬಲೆಯೊಳಗೆ ನುಗ್ಗಿ, ತಿನ್ನುವುದಕ್ಕಿಂತ ಜಾಸ್ತಿ ಕಚ್ಚಿ ಹಾಳು ಮಾಡುತ್ತದೆ. ಡಾಲ್ಫಿನ್‌ಗಳೂ ಸುತ್ತುತ್ತವೆ. ನಮ್ಮಲ್ಲಿ ಆಮೆ, ನೀರುನಾಯಿ, ಮೇಲಿಂದ ನೀರುಕಾಗೆ. ಕೃಷ್ಣೆಯಲ್ಲಿ ಮೊಸಳೆ ಇರುವುದು ಎಲ್ಲರಿಗೂ ಗೊತ್ತು. ಹಲವರು ಮಾಡುವ ತಪ್ಪು ಒಂದೇ: ಸತ್ತ ಮೀನನ್ನು ಕೇಜಿನ ಪಕ್ಕವೇ ಎಸೆಯುವುದು. ಅದು ಔತಣದ ಪತ್ರ. ಸತ್ತದ್ದನ್ನು ದಿನವೂ ತೆಗೆದು ದಂಡೆಯಿಂದ ದೂರ ಹೂಳಿ. ಹೊರಗಡೆ ಗಟ್ಟಿ ದಾರದ ಇನ್ನೊಂದು ಬಲೆ ಕಟ್ಟಿ, ಮೇಲೆ ಹಕ್ಕಿ ಬಲೆ ಹಾಕಿ. ಮೊಸಳೆ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ನೀವೇ ಕೋಲು ಹಿಡಿದು ಹೋಗಬೇಡಿ.

ನಾನು ಬಿಡದ ಜಿಲೇಬಿ ಕೇಜಿನೊಳಗೇ ಸಿಗುತ್ತಿದೆ. ಪುಕ್ಕಟೆ ಲಾಭ ಅಲ್ವಾ?

ಮರಿಯಾಗಿದ್ದಾಗ ಬಲೆ ಕಣ್ಣಿನಿಂದ ಒಳಗೆ ಬಂತು. ತಿಂದು ದಪ್ಪ ಆಯಿತು. ಈಗ ಹೊರಗೆ ಹೋಗಲು ಆಗುತ್ತಿಲ್ಲ. ನೋಡಲು ಪುಕ್ಕಟೆ, ಆದರೆ ಅದು ಬೆಳೆದದ್ದು ನೀವು ಪಂಗಾಸ್‌ಗೆ ಅಂತ ದುಡ್ಡು ಕೊಟ್ಟು ತಂದ ಫೀಡಿನಲ್ಲಿ. ಹಿಡಿದು ತೂಕಕ್ಕೆ ಮಾರಿ, ಲೆಕ್ಕದಲ್ಲಿ ಬೇರೆ ಬರೆಯಿರಿ. ಇಲ್ಲದಿದ್ದರೆ ಫೀಡಿನ ಲೆಕ್ಕ ಕೂಡುವುದೇ ಇಲ್ಲ. ಅಂದಹಾಗೆ ಜಿಲೇಬಿ ನಮ್ಮ ಹೊಳೆಯದಲ್ಲ, ಆಫ್ರಿಕಾದ್ದು. 1952ರಲ್ಲಿ ಭಾರತಕ್ಕೆ ತಂದರು. ಈಗ ಅದೇ ಮನೆ ಯಜಮಾನ.

ಒಳಗಿನದು ತಪ್ಪಿಸಿಕೊಂಡರೆ ಅದೂ ಹೊರಗಿನ ಮೀನಾ?

ಅದು ಒಂದಷ್ಟು ದಿನ ಅಲ್ಲೇ ಸುತ್ತುವುದುಂಟು, ಫೀಡಿನ ರೂಢಿ ಬಿಡುವುದಿಲ್ಲ. ನಮಗೆ ಒಬ್ಬ ವ್ಯಾಪಾರಿ ಕೊಟ್ಟ ಬಲೆ ಎರಡನೇ ಬೇಸಿಗೆಗೇ ಬಿಸಿಲಿಗೆ ಪುಡಿಯಾಯಿತು. ಬೆರಳಲ್ಲಿ ಎಳೆದರೆ ದಾರ ಬರುತ್ತಿತ್ತು. ಒಂದು ರಾತ್ರಿ ಗಾಳಿಗೆ ನೀರಿನ ಮಟ್ಟದಲ್ಲೇ ಮೊಳದುದ್ದ ಸೀಳಿತು. ಬೆಳಿಗ್ಗೆ ಫೀಡ್ ಎಸೆದರೆ ಒಳಗೆ ಸದ್ದಿಲ್ಲ, ಹೊರಗೆ ಪಂಗಾಸ್ ಬಾಯಿ ತೆರೆದು ಬರುತ್ತಿವೆ. ಆವತ್ತು ನಕ್ಕವರೂ ಇದ್ದಾರೆ, ನನಗೆ ನಗು ಬರಲಿಲ್ಲ. ಬಲೆಯಲ್ಲಿ ಕೆಲವು ವಾಪಸ್ ಸಿಕ್ಕವು, ಉಳಿದವು ಹೊಳೆಗೆ ಹೋದವು. ಹೊರದೇಶದ ಮೀನು ಹೊಳೆಗೆ ಸೇರುವುದು ದುಡ್ಡಿನ ನಷ್ಟಕ್ಕಿಂತ ದೊಡ್ಡ ವಿಷಯ, ಏಕೆಂದರೆ ಅದನ್ನು ಮತ್ತೆ ಪೂರ್ತಿ ಹಿಡಿದು ತರುವ ಬಲೆ ಇಲ್ಲ. ನೀರಿಗೆ ತಾಗುವ ಗೆರೆಯಲ್ಲಿ ವಾರಕ್ಕೊಮ್ಮೆ ದಾರ ಎಳೆದು ನೋಡಿ. ಬಲೆ ಸೋಲುವುದು ಅಲ್ಲೇ.

ಬೇಸಿಗೆಯಲ್ಲಿ ಏನಾಗುತ್ತದೆ?

ಸಮುದ್ರದವರಿಗೂ ನಮಗೂ ನಿಜವಾದ ಫರಕು ಇದು. ಅಲ್ಲಿ ಬೇಸಿಗೆಗೆ ನೀರು ಬತ್ತುವುದಿಲ್ಲ, ದಿನವೂ ಉಬ್ಬರ ಇಳಿತ ಕಸವನ್ನು ಹೊತ್ತೊಯ್ಯುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ಬಂದರೆ ಹಿನ್ನೀರು ಹಳೇ ಹೊಳೆಯ ಪಾತ್ರಕ್ಕೆ ಇಳಿಯುತ್ತದೆ. ಕೇಜನ್ನೂ ಅಲ್ಲಿಗೇ ಎಳೆಯಬೇಕು, ಹೊರಗಿನ ಮೀನೂ ಅಲ್ಲಿಗೇ ಬರುತ್ತದೆ, ಬಲೆಯವರೂ ಅಲ್ಲಿಗೇ. ಕಾಯ್ದ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ ನಿಲ್ಲುತ್ತದೆ. ರಾತ್ರಿ ಪಾಚಿಯೂ ಅದನ್ನೇ ಉಸಿರಾಡುತ್ತದೆ. ಬೆಳಗಿನ ಜಾವ ಎಲ್ಲಕ್ಕಿಂತ ಕೆಟ್ಟ ಹೊತ್ತು.

ಆಗ ಹೊರಗಿನ ಮೀನನ್ನು ನೋಡುತ್ತಿರಿ. ಅದಕ್ಕೆ ಕಾಲಿಲ್ಲದಿದ್ದರೂ ಹೋಗಲು ದಾರಿ ಇದೆ. ಒಳಗಿನದಕ್ಕೆ ಇಲ್ಲ. ದಿನವೂ ಮುತ್ತುವ ಬೆಳ್ಳಿ ಮೀನು ಒಂದು ಮುಂಜಾನೆ ಮಾಯವಾದರೆ, ಒಳಗಿನವು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ, ಫೀಡ್ ಚೀಲ ಮುಟ್ಟಬೇಡಿ. ಅವತ್ತು ಊಟ ಬಂದ್. ತಿಂದ ಮೀನಿಗೆ ಆಮ್ಲಜನಕ ಇನ್ನೂ ಜಾಸ್ತಿ ಬೇಕು. ಕೇಜುಗಳ ನಡುವೆ ಅಂತರ ಮಾಡಿ, ಪಾಚಿ ಕಟ್ಟಿದ ಬಲೆ ಬದಲಿಸಿ, ನೀರು ಆಡಲಿ. ಫಿಲಿಪ್ಪೀನ್ಸ್‌ನ ತಾಲ್ ಕೆರೆಯಲ್ಲಿ 2011ರ ಮೇ ತಿಂಗಳಲ್ಲಿ ಕೇಜಿನ ಮೀನು ಟನ್‌ಗಟ್ಟಲೆ ಸತ್ತು ತೇಲಿತು. ಅಲ್ಲಿ ಕೆರೆ ತಾಳುವುದಕ್ಕಿಂತ ಹೆಚ್ಚು ಕೇಜು ತುಂಬಿದ್ದರು ಅನ್ನುವುದು ಸಣ್ಣ ಕಾರಣವಲ್ಲ.

ರೋಗ ಯಾರಿಂದ ಯಾರಿಗೆ ಹತ್ತುತ್ತದೆ?

ಎರಡೂ ಕಡೆಯಿಂದ. ಬಲೆ ಮೀನನ್ನು ತಡೆಯುತ್ತದೆ, ನೀರನ್ನಲ್ಲ. 1988ರ ಹೊತ್ತಿಗೆ ನಮ್ಮ ದೇಶಕ್ಕೆ ಬಂದ ಹುಣ್ಣು ರೋಗ ಚಳಿಗಾಲದಲ್ಲಿ ಕೊರವ, ಪಕ್ಕೆಯಂಥ ಹೊಳೆ ಮೀನಿನಲ್ಲಿ ಮೊದಲು ಕಾಣುವುದುಂಟು. ಹೊರಗಡೆ ಮೈಮೇಲೆ ಕೆಂಪು ಗಾಯದ ಮೀನು ಕಂಡರೆ ಫೋಟೊ ತೆಗೆದು ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ.

ನಮ್ಮ ಡ್ಯಾಮಿನಲ್ಲಿ ನಾವೇ ಎಣಿಸುವುದು ಹೇಗೆ? ನೀರು ಕೆಂಪಗಿದೆ, ಕಣ್ಣಿಗೆ ಕಾಣುವುದಿಲ್ಲ.

ಈಜುಗಾರ ಬೇಡ, ಕ್ಯಾಮೆರಾ ಬೇಡ. ಒಂದು ಬೀಸು ಬಲೆ, ಒಂದು ನೋಟ್‌ಬುಕ್ ಸಾಕು. ಮೂರು ಜಾಗ ಆರಿಸಿ: ಕೇಜಿನ ಪಕ್ಕ, ಐವತ್ತು ಮೀಟರ್ ಆಚೆ, ಕೇಜೇ ಇಲ್ಲದ ದೂರದ ಒಂದು ಕೊಲ್ಲಿ. ಪ್ರತಿ ಜಾಗದಲ್ಲಿ ಐದು ಸಲ ಬೀಸಿ. ಒಂದೇ ಬಲೆ, ಒಂದೇ ಕೈ, ಒಂದೇ ಹೊತ್ತು. ಜಾತಿ, ಸಂಖ್ಯೆ, ತೂಕ ಬರೆದು ಮೀನನ್ನು ನೀರಿಗೇ ಬಿಡಿ. ಹದಿನೈದು ದಿನಕ್ಕೊಮ್ಮೆ ಮಾಡಿ.

ದೂರದ ಕೊಲ್ಲಿಯನ್ನು ಬಿಡಬೇಡಿ. ಎಲ್ಲರೂ ಕೇಜಿನ ಪಕ್ಕ ಮಾತ್ರ ಬೀಸಿ ಖುಷಿಪಡುತ್ತಾರೆ. ಕೇಜಿನ ಪಕ್ಕ ಏರಿ, ದೂರದಲ್ಲಿ ಇಳಿದರೆ ಅದು ಜಾತ್ರೆ. ಎರಡೂ ಕಡೆ ಏರಿದರೆ ಸಿಹಿ ಹಂಚಬಹುದು. ಕೇಜು ಹಾಕುವ ಮೊದಲೇ ಆರು ತಿಂಗಳು ಎಣಿಸಿದ್ದರೆ ಇನ್ನೂ ಒಳ್ಳೆಯದು. ನಾವು ಎಣಿಸಿರಲಿಲ್ಲ, ಹಾಗಾಗಿ ಇವತ್ತಿಗೂ ನಮ್ಮ ಕಟ್ಟೆಯ ಮೇಲೆ ಆ ಜಗಳ ಜೀವಂತ ಇದೆ.

ಸಬ್ಸಿಡಿ ಎಷ್ಟು?

2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಘಟಕ ವೆಚ್ಚದ ಶೇ. 40, ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರಿಗೆ ಶೇ. 60. ಉಳಿದದ್ದು ಇಲಾಖೆಯಲ್ಲಿ ಕೇಳಿ, ನನ್ನ ಹತ್ತಿರ ಅರ್ಜಿ ಫಾರಂ ಇಲ್ಲ.

ಕಾರವಾರಕ್ಕೆ ಹೋಗಿ ನೋಡಬೇಕೆಂದರೆ?

ಮಳೆಗಾಲ ಬಿಟ್ಟು ಹೋಗಿ. ಜೂನ್, ಜುಲೈಯಲ್ಲಿ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ದೋಣಿಗಳಿಗೆ 61 ದಿನ ರಜೆ, ಸಮುದ್ರವೂ ಸುಮ್ಮನಿರುವುದಿಲ್ಲ. ಮೊದಲೇ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಗೆ ಪತ್ರ ಬರೆದು ಒಪ್ಪಿಗೆ ತೆಗೆದುಕೊಳ್ಳಿ. ನಾಲ್ಕೈದು ಜನ ಸಾಕು, ಬಸ್ಸು ತುಂಬಿಕೊಂಡು ಹೋಗಬೇಡಿ. ಫೀಡ್ ಹಾಕುವ ಹೊತ್ತಿಗೆ ಅಲ್ಲಿರುವಂತೆ ನೋಡಿಕೊಳ್ಳಿ. ಎಲ್ಲರೂ ಒಳಗೆ ಬಗ್ಗಿ ನೋಡುತ್ತಾರೆ, ನೀವು ಹೊರಗಡೆ ನೋಡಿ. ಹೊಳೆಯಲ್ಲಿ ಹರಿಗೋಲು ತಿರುಗಿಸಿದವರಿಗೂ ಸಮುದ್ರದ ಅಲೆಗೆ ತಲೆ ತಿರುಗುತ್ತದೆ, ಖಡಕ್ ರೊಟ್ಟಿ ಶೇಂಗಾ ಹಿಂಡಿ ವಾಪಸ್ ದಂಡೆಗೆ ಬಂದ ಮೇಲೇ ಬಿಚ್ಚಿ. ನಾನು ಮೊದಲೇ ತಿಂದಿದ್ದೆ. ಅದೂ ಹೊರಗಿನ ಮೀನಿಗೇ ಹೋಯಿತು.